ಇಬ್ರು ಮಕ್ಕಳಿದಾರೆ, ಮೂರನೇ ಮಗು ದತ್ತು ತಗೋಬೋದಾ?

ಮಲ್ಲೇಶ್ವರಂ_ಅಮ್ಮ: ಎಲ್ರಿಗೂ ನಮಸ್ಕಾರ. ನಮ್ಗೆ ಹೆತ್ತ ಮಗ ಒಬ್ಬ (10 ವರ್ಷ), ಕಾರಾ (ಕೇಂದ್ರ ಸರ್ಕಾರದ ದತ್ತು ಸಂಸ್ಥೆ) ಮೂಲಕ ದತ್ತು ಬಂದ ಮಗಳು ಒಬ್ಳು (5). ಇನ್ನೊಂದು ಮಗು ಬರ್ಲಿ ಅಂತ ತುಂಬಾ ಅನ್ನಿಸ್ತಿದೆ, ಇಬ್ರಿದ್ರೆ ಕೊಡಲ್ಲ ಅಂತ ಯಾರೋ ಹೇಳಿದ್ರು, ನಿಜಾನಾ? ನಂಗೆ 42, ಯಜಮಾನ್ರಿಗೆ 46. ಫಾಸ್ಟರ್ ಕೇರ್‌ಗೂ ದತ್ತುಗೂ ಏನು ವ್ಯತ್ಯಾಸ? ನಮ್ಮತ್ತೆ "ಇದೇನು ಮನೇನೋ ಛತ್ರಾನೋ" ಅಂತಾರೆ, ಆದ್ರೆ ಮೊಮ್ಮಗಳಿಗೆ ಜಡೆ ಹಾಕ್ದೆ ಅವ್ರು ಕಾಫೀನೂ ಕುಡಿಯಲ್ಲ 😄

ಫೈಲ್_ಹಿಡ್ಕೊಂಡೋನು: ಪೂರ್ತಿ ನಿಜ ಅಲ್ಲ ಮೇಡಂ. 2022ರ ದತ್ತು ನಿಯಮದ ಪ್ರಕಾರ ಇಬ್ರು ಅಥವಾ ಜಾಸ್ತಿ ಮಕ್ಕಳಿರೋ ದಂಪತಿಗೆ ಸ್ಪೆಷಲ್ ನೀಡ್ಸ್ ಮಕ್ಕಳು (ಅಂಗವೈಕಲ್ಯ, ಆರೋಗ್ಯದ ತೊಂದರೆ ಇರೋರು), ಇಲ್ಲಾಂದ್ರೆ ಬೇರೆ ಯಾರೂ ಒಪ್ಕೊಳ್ದೆ ಉಳಿದಿರೋ ಮಕ್ಕಳು ಮಾತ್ರ, ಮೊದ್ಲು ಈ ಮಿತಿ ಮೂರಿತ್ತು. ಸಂಬಂಧಿಕರ ಮಗು ಆದ್ರೆ ಈ ರೂಲ್ ಇಲ್ಲ. ಇನ್ನೊಂದು, ನಿಮ್ಮಿಬ್ರ ವಯಸ್ಸು ಕೂಡಿದ್ರೆ 88, ಎರಡು ವರ್ಷದೊಳಗಿನ ಮಗುಗೆ ಮಿತಿ 85, ಹಾಗಾಗಿ ಕೂಸು ಸಿಗಲ್ಲ. ಎರಡರಿಂದ ನಾಲ್ಕಕ್ಕೆ 90, ನಾಲ್ಕರಿಂದ ಎಂಟಕ್ಕೆ 100. ಲೆಕ್ಕ ಹಿಡಿಯೋದು ರಿಜಿಸ್ಟರ್ ಮಾಡಿದ ದಿನದ್ದು, ಸುಮ್ನೆ ಮುಂದೂಡ್ಬೇಡಿ. ದತ್ತು ಆರ್ಡರ್‌ಗೆ ಈಗ ಕೋರ್ಟ್‌ಗೆ ಅಲೀಬೇಕಾಗಿಲ್ಲ, ಡಿಸಿ ಕೊಡ್ತಾರೆ.

ನಾಲ್ಕು_ತಟ್ಟೆ: ಫಾಸ್ಟರ್ ಬಗ್ಗೆ ನಾನು ಹೇಳ್ತೀನಿ. ದತ್ತು ಆದ್ರೆ ಮಗು ಕಾನೂನಲ್ಲಿ ನಿಮ್ದೇ, ಫಾಸ್ಟರ್‌ನಲ್ಲಿ ಹಾಗಲ್ಲ, ಮಕ್ಕಳ ಕಲ್ಯಾಣ ಸಮಿತಿ ಆರ್ಡರ್ ಮೇಲೆ ಮಗು ನಿಮ್ಮನೇಲಿರುತ್ತೆ, ಹೆತ್ತೋರ ಪರಿಸ್ಥಿತಿ ಸರಿ ಹೋದ್ರೆ ವಾಪಸ್ ಹೋಗ್ಬೋದು, ಅದಕ್ಕೆ ಮನಸ್ಸು ಗಟ್ಟಿ ಇರ್ಬೇಕು. 2024ರ ಗೈಡ್‌ಲೈನ್ಸ್‌ನಲ್ಲಿ, ದತ್ತುಗೆ ಕಾನೂನು ಪ್ರಕಾರ ಮುಕ್ತವಾಗಿರೋ ಮಗುನ ಎರಡು ವರ್ಷ ಸಾಕಿದ್ಮೇಲೆ ದತ್ತು ಕೇಳ್ಬೋದು, ಮೊದ್ಲು ಐದು ವರ್ಷ ಕಾಯ್ಬೇಕಿತ್ತು. ನಮ್ಗೆ ಹೆತ್ತಿದ್ದು ಎರಡು, ಆಮೇಲೆ ಅಕ್ಕ ತಮ್ಮ ಜೋಡಿ ಬಂತು, 10 ಮತ್ತು 7. ಆ ಹುಡುಗಿ ತಮ್ಮನಿಗೆ ತಾನೇ ಬಡಿಸ್ಬೇಕು, ನಾನು ಹೋದ್ರೆ ಸೌಟು ಕಿತ್ಕೊಳ್ತಿದ್ಳು, ಅಷ್ಟು ದಿನ ಅವನಿಗೆ ತಾಯಿ ಆಗಿದ್ದೋಳು ಅವ್ಳೇ ಅಲ್ವಾ. ನಾನೂ ಜಗಳ ಆಡ್ಲಿಲ್ಲ. ಎಂಟು ತಿಂಗಳಾದ್ಮೇಲೆ ಒಂದು ರಾತ್ರಿ "ಆಂಟಿ ಅವ್ನಿಗೆ ನೀವೇ ಹಾಕಿ, ನಂಗೆ ನಿದ್ದೆ ಬರ್ತಿದೆ" ಅಂತ ಎದ್ದು ಹೋದ್ಳು. ಅವತ್ತು ಅಡುಗೆಮನೇಲಿ ಒಬ್ಳೇ ಕೂತು ಅತ್ಬಿಟ್ಟೆ. ಇನ್ನು ಖರ್ಚು, ನೀರು, ಒಂದೇ ಬಾತ್‌ರೂಮ್... ಅದೆಲ್ಲ ಹೇಗೋ ಆಗುತ್ತೆ ಬಿಡಿ.

ಐವರಲ್ಲಿ_ಒಬ್ಬ: ನಾನು ದತ್ತು ಮಗ, ನಮ್ಮನೇಲಿ ಐದು ಮಕ್ಕಳು. ಮದುವೆ ಮನೆಗಳಲ್ಲಿ "ಇದ್ರಲ್ಲಿ ನಿಮ್ದು ಯಾವ್ದು?" ಅಂತ ಯಾರಾದ್ರೂ ಕೇಳೇ ಕೇಳೋರು, ಅಮ್ಮ "ಪಾಯಸ ಎರಡನೇ ಸಲ ಹಾಕಿಸ್ಕೊಳ್ತಿದಾವಲ್ಲ, ಅವೆಲ್ಲ" ಅನ್ನೋರು. ನಿಮ್ಮ ಪೋಸ್ಟ್‌ನಲ್ಲಿ ಅತ್ತೆ ಇದಾರೆ, ಯಜಮಾನ್ರು ಇದಾರೆ, ಮಗ ಏನಂದ ಅಂತ ಇಲ್ವಲ್ಲ? ಹೋಮ್ ಸ್ಟಡಿಗೆ (ಮನೆ, ಕುಟುಂಬ ಹೇಗಿದೆ ಅಂತ ನೋಡೋಕೆ) ಬಂದೋರು ಐದು ವರ್ಷ ದಾಟಿದ ಮಕ್ಕಳ ಒಪ್ಪಿಗೆನೂ ಕೇಳ್ತಾರೆ.

ಮಲ್ಲೇಶ್ವರಂ_ಅಮ್ಮ: ಅಯ್ಯೋ ಹೌದು, ಕೇಳೇ ಇರ್ಲಿಲ್ಲ! ರಾತ್ರಿ ಕೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಬಂಕ್ ಬೆಡ್‌ನಲ್ಲಿ ಮೇಲಿಂದು ನಂದೇ ಅಲ್ವಾ?" ಅಂದ.