ಅಪ್‌ಡೇಟ್: ಮೂರನೇ ಸಿಲಿಂಡರ್ ಬಿಸಿಯಾಗುತ್ತಿದ್ದ ಕಾರಣ ಸಿಕ್ಕಿತು

ಇಂಧನ ಇಂಜೆಕ್ಷನ್ ಇರುವ ನಾಲ್ಕು ಸಿಲಿಂಡರ್‌ಗಳ ವಿಮಾನ ಎಂಜಿನ್‌ನಲ್ಲಿ, ಪೂರ್ಣ ಥ್ರಾಟಲ್‌ನಲ್ಲಿ ಮೇಲೇರುವಾಗ, ಉಳಿದ ಮೂರರ ಹೆಡ್ (ಸಿಲಿಂಡರ್‌ನ ಮೇಲ್ತುದಿಯ ಭಾಗ) ಉಷ್ಣಾಂಶ 185 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೂ ಮೂರನೆಯದು 215 ದಾಟುವುದೇಕೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಮೊದಲು ಉಷ್ಣಾಂಶ ಅಳೆಯುವ ಪ್ರೋಬ್‌ಗಳನ್ನು ಅದಲುಬದಲು ಮಾಡಿಸಿದೆವು. ಬಿಸಿ ಮೂರನೇ ಸಿಲಿಂಡರ್‌ನಲ್ಲೇ ಉಳಿದದ್ದರಿಂದ ಮಾಪಕದ ಮೇಲಿನ ಸಂಶಯ ನಿವಾರಣೆಯಾಯಿತು. ಇನ್‌ಟೇಕ್, ಅಂದರೆ ಗಾಳಿ ಒಳಬರುವ ಕೊಳವೆಯಲ್ಲಿ ಸೋರಿಕೆ ಇದ್ದಿದ್ದರೆ ಅದರ ಪರಿಣಾಮ ಕಡಿಮೆ ಥ್ರಾಟಲ್‌ನಲ್ಲಿ ಹೆಚ್ಚಾಗಿ ಕಾಣಬೇಕು, ಇಲ್ಲಿ ಅದಕ್ಕೆ ವಿರುದ್ಧವಾಗಿತ್ತು. ಆದ್ದರಿಂದ ಸಮತಲ ಹಾರಾಟದಲ್ಲಿ ಮಿಕ್ಸ್ಚರನ್ನು (ಗಾಳಿ-ಇಂಧನ ಮಿಶ್ರಣ) ಬಹಳ ನಿಧಾನವಾಗಿ ತೆಳುಗೊಳಿಸುತ್ತ, ಅಂದರೆ ಇಂಧನದ ಪಾಲು ಕಡಿಮೆ ಮಾಡುತ್ತ, ಪ್ರತಿ ಸಿಲಿಂಡರ್‌ನ ಎಕ್ಸಾಸ್ಟ್ ಉಷ್ಣಾಂಶವು ಗರಿಷ್ಠ ಮಟ್ಟ ಮುಟ್ಟಿ ಇಳಿಯತೊಡಗುವ ಕ್ಷಣದ ಇಂಧನ ಹರಿವನ್ನು ಬರೆದುಕೊಂಡೆ. ಮೂರನೆಯದು ಎಲ್ಲಕ್ಕಿಂತ ಮೊದಲು, ಕೊನೆಯದಕ್ಕಿಂತ ಗಂಟೆಗೆ ಸುಮಾರು 4 ಲೀಟರ್ ಹೆಚ್ಚಿನ ಹರಿವಿನಲ್ಲೇ, ಗರಿಷ್ಠ ಮುಟ್ಟಿತು. ಅಂದರೆ ಅದಕ್ಕೆ ಇಂಧನ ಸಾಲುತ್ತಿರಲಿಲ್ಲ. ಮೇಲೇರುವಾಗ ತಂಪು ನೀಡಬೇಕಾದ ಹೆಚ್ಚುವರಿ ಪೆಟ್ರೋಲ್ ಅಲ್ಲಿಗೆ ತಲುಪುತ್ತಲೇ ಇರಲಿಲ್ಲ.

ಮೆಕ್ಯಾನಿಕ್ ಆ ಸಿಲಿಂಡರ್‌ಗೆ ಇಂಧನ ಸಿಂಪಡಿಸುವ ಇಂಜೆಕ್ಟರ್ ನಾಜಲ್ ಬಿಚ್ಚಿದಾಗ ರಂಧ್ರದಲ್ಲಿ ಸಣ್ಣ ಕಣವೊಂದು ಸಿಕ್ಕಿಕೊಂಡಿತ್ತು. ಸ್ವಚ್ಛಗೊಳಿಸಿದ ಮೇಲೆ ಪರೀಕ್ಷೆಯ ವ್ಯತ್ಯಾಸ ಗಂಟೆಗೆ 1 ಲೀಟರ್‌ಗೆ ಇಳಿದಿದೆ, ಹೆಡ್ ಉಷ್ಣಾಂಶ 193ರಲ್ಲಿ ನಿಂತಿದೆ.

ತಯಾರಕರ ಗರಿಷ್ಠ ಮಿತಿ 260 ಡಿಗ್ರಿ ಇರುವುದರಿಂದ ಚಿಂತೆ ಬೇಡವೆಂದು ಕೆಲವರು ಹೇಳಿದ್ದಿರಿ. ನಾನು ಒಪ್ಪಲಾರೆ: ಅಲ್ಯೂಮಿನಿಯಂ ಹೆಡ್ ಬಿಸಿಯೇರಿದಂತೆ ಬಲ ಕಳೆದುಕೊಳ್ಳುವುದರಿಂದ ನಾನು 200 ದಾಟಲು ಬಿಡುವುದಿಲ್ಲ. ಒಂದೇ ಪ್ರೋಬ್ ಇರುವ ವಿಮಾನದಲ್ಲಿ, ಅದು ಬೇರೆ ಸಿಲಿಂಡರ್‌ನಲ್ಲಿದ್ದಿದ್ದರೆ, ಈ ದೋಷ ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ಮುಂದಿನ 10 ಗಂಟೆಗಳ ಹಾರಾಟದ ನಂತರ ಅದೇ ಪರೀಕ್ಷೆಯನ್ನು ಮತ್ತೆ ಮಾಡಲಿದ್ದೇನೆ.