ಗುಂಪಿನ ಸಂಖ್ಯೆಯಿಂದಲೇ ಲೋಹ, ಅಲೋಹ ಎಂದು ಹೇಳಬಹುದೇ?

ಬದಿಯಡ್ಕದ ಅಧ್ಯಾಪಿಕೆ:
ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗೆ ಆವರ್ತಕ ಕೋಷ್ಟಕವನ್ನು ಕಲಿಸುತ್ತಿದ್ದೇನೆ. 1 ಮತ್ತು 2ನೆಯ ಗುಂಪಿನವು (ಗುಂಪೆಂದರೆ ಕೋಷ್ಟಕದ ಕಂಬಸಾಲು) ಲೋಹಗಳು, 17 ಮತ್ತು 18ನೆಯ ಗುಂಪಿನವು ಅಲೋಹಗಳು ಎನ್ನುವವರೆಗೆ ಪಾಠ ಸರಾಗವಾಗಿ ಸಾಗುತ್ತದೆ. 14ನೆಯ ಗುಂಪಿಗೆ ಬಂದೊಡನೆ, ಪೆನ್ಸಿಲಿನ ಕಡ್ಡಿಯಲ್ಲಿರುವ ಕಾರ್ಬನ್ನೂ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ತವರವೂ ಒಂದೇ ಗುಂಪಿಗೆ ಸೇರಿದ್ದು ಹೇಗೆ ಎಂದು ಮಕ್ಕಳು ಕೇಳುತ್ತಾರೆ. ಒಂದೇ ಗುಂಪಿನ ಧಾತುಗಳು ಸಮಾನ ಗುಣಗಳನ್ನು ತೋರುತ್ತವೆ ಎಂದು ಹಿಂದಿನ ಪಾಠದಲ್ಲಿ ಕಲಿತಿರುವ ಅವರಿಗೆ ಇದನ್ನು ಹೇಗೆ ವಿವರಿಸಬೇಕು?

ಮಂಜೇಶ್ವರದ ನಿವೃತ್ತ ಮಾಷ್ಟ್ರು:
ಟೀಚರ್, ಈ ಗುಂಪುಗಳ ಸಂಖ್ಯೆಯಿಂದ ತಿಳಿಯುವುದು ಹೊರಕವಚದಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ಎಂಬುದು. 14ನೆಯ ಗುಂಪಿನ ಎಲ್ಲ ಧಾತುಗಳಿಗೂ ಅವು ನಾಲ್ಕು. ಆದರೆ ಲೋಹದ ಗುಣವನ್ನು ನಿರ್ಧರಿಸುವುದು ಆ ಎಲೆಕ್ಟ್ರಾನುಗಳನ್ನು ಪರಮಾಣು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬ ಅಂಶ. ಕಾರ್ಬನ್ನಿನ ಮೊದಲ ಅಯಾನೀಕರಣ ಶಕ್ತಿ (ಒಂದು ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಬೇಕಾದ ಶಕ್ತಿ) ಮೋಲಿಗೆ ಸುಮಾರು 1086 ಕಿಲೋಜೂಲ್, ಸಿಲಿಕಾನಿನದು 786, ತವರದ್ದು 709. ಕೆಳಗೆ ಇಳಿದಂತೆ ಕವಚಗಳು ಹೆಚ್ಚಿ ಹಿಡಿತ ಸಡಿಲವಾಗುತ್ತದೆ, ಲೋಹದ ಗುಣ ಹೆಚ್ಚುತ್ತದೆ. ಆವರ್ತದಲ್ಲಿ, ಅಂದರೆ ಅಡ್ಡಸಾಲಿನಲ್ಲಿ, ಬಲಕ್ಕೆ ಸರಿದಂತೆ ಬಿಗಿಯಾಗುತ್ತದೆ. ಒಂದು ಮನೆ ಬಲಕ್ಕೆ ಹೋಗಿ ಒಂದು ಮನೆ ಕೆಳಗಿಳಿದರೆ ಎರಡೂ ಪರಿಣಾಮಗಳು ಬಹುಮಟ್ಟಿಗೆ ಸರಿದೂಗುವುದರಿಂದಲೇ ಬೋರಾನ್, ಸಿಲಿಕಾನ್, ಆರ್ಸೆನಿಕ್, ಟೆಲ್ಲುರಿಯಂ ಎಂಬ ಲೋಹಾಭಗಳು (ಲೋಹ, ಅಲೋಹಗಳ ನಡುವಿನವು) ಓರೆಯಾಗಿ ಸಾಲುಗಟ್ಟಿವೆ. 3ರಿಂದ 12ರವರೆಗಿನ ಗುಂಪುಗಳಲ್ಲಿ, ದ್ರವರೂಪದ ಪಾದರಸವೂ ಸೇರಿದಂತೆ, ಎಲ್ಲವೂ ಲೋಹಗಳೇ. ತೊಡಕಿರುವುದು 13ರಿಂದ 16ರವರೆಗೆ ಮಾತ್ರ; ಅಲ್ಲಿ ಆವರ್ತದ ಸಂಖ್ಯೆಯನ್ನೂ ಕೇಳದೆ ಉತ್ತರ ಹೇಳಬಾರದು.

ಪೆರ್ಲದ ರಸಾಯನಶಾಸ್ತ್ರ ವಿದ್ಯಾರ್ಥಿ:
ಮಾಷ್ಟ್ರು ಹೇಳಿದ್ದಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಬಲ್ಬು ಉರಿಸಿ ವಿದ್ಯುತ್ ಹರಿಯುವುದನ್ನು ತೋರಿಸುವ ಪ್ರಯೋಗವೊಂದನ್ನೇ ನಂಬಿದರೆ ಪೆನ್ಸಿಲ್ ಕಡ್ಡಿಯ ಕಾರ್ಬನ್ನಾದ ಗ್ರಾಫೈಟ್ ಲೋಹವಾಗಿಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಆಕ್ಸೈಡಿನ ಸ್ವಭಾವವನ್ನು ನೋಡುವುದು ಮೇಲು (ಸಾಮಾನ್ಯವಾಗಿ ಅಲೋಹದ ಆಕ್ಸೈಡ್ ಆಮ್ಲೀಯ, ಲೋಹದ್ದು ಪ್ರತ್ಯಾಮ್ಲೀಯ), ಅದಕ್ಕೆ 15ನೆಯ ಗುಂಪಿಗಿಂತ ಒಳ್ಳೆಯ ಉದಾಹರಣೆಯಿಲ್ಲ. ನೈಟ್ರೋಜನ್ ಡೈಆಕ್ಸೈಡ್ ಮತ್ತು ರಂಜಕದ ಆಕ್ಸೈಡುಗಳು ನೀರಿನೊಡನೆ ಆಮ್ಲ ಕೊಡುತ್ತವೆ. ಆರ್ಸೆನಿಕ್ ಆಕ್ಸೈಡಿನಲ್ಲೂ ಆಮ್ಲೀಯ ಗುಣವೇ ಮೇಲುಗೈ. ಆಂಟಿಮನಿಯ ಟ್ರೈಆಕ್ಸೈಡ್ ಆಮ್ಲದೊಡನೆಯೂ ಪ್ರತ್ಯಾಮ್ಲದೊಡನೆಯೂ ವರ್ತಿಸುತ್ತದೆ. ಬಿಸ್ಮತ್ತಿನ ಟ್ರೈಆಕ್ಸೈಡ್ ಪ್ರತ್ಯಾಮ್ಲೀಯ. ಒಂದೇ ಕಂಬಸಾಲಿನಲ್ಲಿ ಅಲೋಹದಿಂದ ಲೋಹದವರೆಗಿನ ಇಡೀ ದಾರಿ ಕಾಣುತ್ತದೆ.

ಈ ಪರೀಕ್ಷೆಯೂ ಗೆರೆ ಎಳೆದಂತೆ ಖಚಿತವಲ್ಲ ಎನ್ನಿ. ನಮ್ಮ ಊರಿನ ಮುರಕಲ್ಲಿನಲ್ಲಿ ಕಬ್ಬಿಣದ ಆಕ್ಸೈಡಿನೊಂದಿಗೆ ಅಲ್ಯೂಮಿನಿಯಂನ ಆಕ್ಸೈಡುಗಳೂ ಇರುತ್ತವೆ. ಅಲ್ಯೂಮಿನಿಯಂ ನಿಸ್ಸಂಶಯವಾಗಿ ಲೋಹವಾದರೂ ಅದರ ಆಕ್ಸೈಡ್ ಉಭಯಗುಣಿ, ಅಂದರೆ ಆಮ್ಲ, ಪ್ರತ್ಯಾಮ್ಲ ಎರಡರೊಡನೆಯೂ ವರ್ತಿಸುತ್ತದೆ. ಇನ್ನು ಟೀಚರ್ ಹೇಳಿದ ತವರವು ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ವಜ್ರದಂತಹ ಪರಮಾಣು ಜೋಡಣೆಯ, ಸುಲಭವಾಗಿ ಪುಡಿಯಾಗುವ ಬೂದುಬಣ್ಣದ ರೂಪಕ್ಕೆ ನಿಧಾನವಾಗಿ ತಿರುಗಬಲ್ಲದು. ನಮ್ಮ ಕರಾವಳಿಯ ಸೆಕೆಯಲ್ಲಿ ಕಲಾಯಿಗೆ ಆ ಭಯವಿಲ್ಲ. ಆದರೂ ತನ್ನ ಮೇಲಿರುವ ಸಿಲಿಕಾನ್, ಜರ್ಮೇನಿಯಂಗಳ ನಂಟನ್ನು ತವರ ಪೂರ್ತಿ ಬಿಟ್ಟಿಲ್ಲವೆಂದು ಮಕ್ಕಳಿಗೆ ಹೇಳಬಹುದು.

ಬದಿಯಡ್ಕದ ಅಧ್ಯಾಪಿಕೆ:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ 1ನೆಯ ಗುಂಪಿನ ನೆತ್ತಿಯಲ್ಲಿರುವ ಹೈಡ್ರೋಜನ್ನಿಗೆ ಏನು ಹೇಳಲಿ? ಅದರ ಮೇಲೆ ಯಾವ ಆವರ್ತವೂ ಇಲ್ಲವಲ್ಲ.

ಮಂಜೇಶ್ವರದ ನಿವೃತ್ತ ಮಾಷ್ಟ್ರು:
ಅದೇ ತರ್ಕವನ್ನು ಮುಂದುವರಿಸಿ, ಟೀಚರ್. ಹೊರಕವಚದಲ್ಲಿ ಒಂದೇ ಎಲೆಕ್ಟ್ರಾನ್ ಇರುವುದರಿಂದ ಅದಕ್ಕೆ ಆ ಸ್ಥಾನ ಸಿಕ್ಕಿದೆ. ಆದರೆ ನಡುವೆ ಬೇರೆ ಕವಚವಿಲ್ಲದ ಕಾರಣ ಹಿಡಿತ ಬಹಳ ಬಿಗಿ: ಲಿಥಿಯಂಗೆ ಮೋಲಿಗೆ ಸುಮಾರು 520 ಕಿಲೋಜೂಲ್ ಸಾಕಾದರೆ ಹೈಡ್ರೋಜನ್ನಿಗೆ 1312 ಬೇಕು. ಸೋಡಿಯಂ ಹೈಡ್ರೈಡಿನಲ್ಲಂತೂ ಅದು ಎಲೆಕ್ಟ್ರಾನನ್ನು ಕೊಡುವ ಬದಲು 17ನೆಯ ಗುಂಪಿನ ಕ್ಲೋರಿನ್ನಿನಂತೆ ಸೋಡಿಯಂನಿಂದಲೇ ಪಡೆಯುತ್ತದೆ. ಆದ್ದರಿಂದ 1ನೆಯ ಗುಂಪನ್ನು ಲೋಹಗಳ ಗುಂಪು ಎನ್ನುವಾಗ ‘ಹೈಡ್ರೋಜನ್ ಹೊರತಾಗಿ’ ಎಂದು ಮಕ್ಕಳಿಂದ ತಪ್ಪದೆ ಬರೆಯಿಸಿ.