ಸ್ಪ್ಯಾನಿಷ್‌ನಲ್ಲಿ ಹರಟೆ, ಚಾಡಿ, ಊರ ಉಸಾಬರಿ: ಯಾವ ಮಾತು ಆಡಬಹುದು, ಯಾವುದು ಬೇಡ?

ಪ್ರಶ್ನೆ: ಕೆಲಸದ ಮೇಲೆ ಮ್ಯಾಡ್ರಿಡ್‌ಗೆ ಬಂದಿದ್ದೇನೆ. ಹಳೇ ಅಪಾರ್ಟ್‌ಮೆಂಟು. ನಮ್ಮ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು, ಎಲ್ಲ ಮೇಲ್ಮನೆ ಅಜ್ಜಿಗೆ ಗೊತ್ತಾಗಬೇಕು. ಕ್ಲಾಸಿನಲ್ಲಿ ಕಲಿತ ಸ್ಪ್ಯಾನಿಷ್‌ನಲ್ಲಿ ಇಂಥದಕ್ಕೆಲ್ಲ ಮಾತೇ ಇರಲಿಲ್ಲ. ಜನ ನಿಜವಾಗಿ ಏನಂತಾರೆ? ಯಾವುದಕ್ಕೆ ನೊಂದುಕೊಳ್ಳುತ್ತಾರೆ? ಅನುಭವ ಇರುವವರು ಹೇಳಿ.

ವಲೆನ್ಸಿಯಾದಿಂದ: ಮೊದಲು ‘ಕೊತಿಯೆಯಾರ್’ ಕಲಿಯಿರಿ. ಕಂಡವರ ಸುದ್ದಿ ಆಡುವುದಕ್ಕೂ ಇಣುಕಿ ನೋಡುವುದಕ್ಕೂ ಸ್ಪೇನ್‌ನಲ್ಲಿ ಇದೇ ಮಾತು. ಬನ್ನಿ, ಸ್ವಲ್ಪ ಕೊತಿಯೆಯಾರ್ ಮಾಡೋಣ ಅಂದರೆ ಎಲ್ಲರೂ ನಗುತ್ತಾ ಕುರ್ಚಿ ಎಳೆದುಕೊಳ್ಳುತ್ತಾರೆ. ಆದರೆ ಹಾಗೆ ಮಾಡುವವರಿಗೆ ‘ಕೊತಿಯಾ’ ಅನ್ನುತ್ತಾರೆ, ಒಬ್ಬರ ಮುಖಕ್ಕೇ ಅಂದರೆ ಚುಚ್ಚುತ್ತದೆ. ಗೆಳೆಯರಲ್ಲಿ ನಡೆಯುತ್ತದೆ, ಅಜ್ಜಿಗೆ ಬೇಡ.

ನಿಮ್ಮ ಕಟ್ಟಡದ ನಡುವೆ ಬಾವಿಯ ಹಾಗೆ ಆಳವಾದ ತೆರೆದ ಜಾಗ ಇರಬೇಕಲ್ವಾ? ಗಾಳಿ ಬೆಳಕಿಗೆ ಬಿಟ್ಟ ‘ಪಾತಿಯೊ’ ಅದು. ಅಡುಗೆಮನೆ ಕಿಟಕಿಗಳು ಅದರ ಕಡೆಗೇ ಇರುತ್ತವೆ. ರಾಟೆ ಎಳೆದು ಬಟ್ಟೆ ಒಣಹಾಕುವ ಹಗ್ಗವೂ ಅಲ್ಲೇ. ಒಬ್ಬರು ಬಟ್ಟೆಗೆ ಕ್ಲಿಪ್ ಹಾಕುತ್ತಾ ಶುರು ಮಾಡಿದ ಮಾತು ಎದುರು ಕಿಟಕಿಗೆ ಹೋಗಿ, ಅಲ್ಲಿಂದ ಕೆಳಗಿಳಿದು, ಸಂಜೆಯೊಳಗೆ ಬಾಗಿಲು ಬಾಗಿಲಿಗೂ ಮುಟ್ಟಿರುತ್ತದೆ. ಅದಕ್ಕೇ ಗಾಳಿಸುದ್ದಿಗೆ ‘ರಾದಿಯೊ ಪಾತಿಯೊ’ ಅನ್ನುತ್ತಾರೆ. ಆಫೀಸಿನ ಸುದ್ದಿಯಾದರೆ ‘ರಾದಿಯೊ ಪಸೀಯೊ’, ಅಂದರೆ ಕಾರಿಡಾರ್ ರೇಡಿಯೋ. ಇವೆರಡನ್ನೂ ಧೈರ್ಯವಾಗಿ ಆಡಿ, ಯಾರಿಗೂ ಬೇಜಾರಾಗುವುದಿಲ್ಲ.

ಪರದೆ ಸರಿಸಿ ಬೀದಿ ನೋಡುವವರಿಗೆ ‘ಬಿಯೆಹಾ ದೆಲ್ ಬಿಸೀಯೊ’, ಅಂದರೆ ಕಿಟಕಿ ಪರದೆಯ ಮುದುಕಿ ಅನ್ನುತ್ತಾರೆ. ಹಾಸ್ಯನಟ ಹೊಸೆ ಮೋತಾ ಟಿವಿಯಲ್ಲಿ ಮಾಡಿದ ಪಾತ್ರದಿಂದ ಮನೆಮಾತಾಯಿತು. ‘ಮರೂಹಾ’ ಮಾತ್ರ ಬೇಡವೇ ಬೇಡ. ಮರಿಯಾ ಎಂಬ ಹೆಸರಿನಿಂದ ಬಂದು, ಮನೆ ನೋಡಿಕೊಳ್ಳುವ ಹೆಂಗಸರನ್ನು ಹೀಗಳೆಯುವ ಮಾತಾಗಿದೆ. ಗಂಡಸರೂ ಬಾರ್‌ನಲ್ಲಿ ನಿಂತು ಅಷ್ಟೇ ಹರಟುತ್ತಾರೆ, ಹೆಸರು ಹೆಂಗಸರಿಗೆ ಅಂಟಿತು. ಈ ಮಾತು ಕಂಡರೆ ನನಗಾಗದು.

ಮೆಕ್ಸಿಕೊದ ಗ್ವಾದಲಹಾರಾದಿಂದ: ಇಲ್ಲಿ ‘ಕೊತಿಯಾ’ ಅಷ್ಟಾಗಿ ಓಡುವುದಿಲ್ಲ, ಕಂಡವರ ಸುದ್ದಿಗೆ ‘ಚಿಸ್ಮೆ’ ಅನ್ನಬೇಕು. ಬಿಸಿ ಬಿಸಿ ಸುದ್ದಿ ಇದ್ದರೆ ಮುದ್ದಾಗಿ ‘ಚಿಸ್ಮೆಸೀತೊ’. ಊಟದ ಹೊತ್ತಿಗೆ ಆಫೀಸಿನಲ್ಲಿ ಜಾಸ್ತಿ ಕೇಳುವ ಮಾತು ಇದೇ. ಕರೆಯದೆ ಮೂಗು ತೂರಿಸುವವರು ‘ಮೆತೀಚೆ’. ತಮ್ಮ, ತಂಗಿಗೆ ಸುಮ್ನೆ ರೇಗಿಸಲು ಅನ್ನಬಹುದು, ಹಿರಿಯರಿಗೆ ಅನ್ನುವಂತಿಲ್ಲ.

ಚಿಲಿಯ ಸಾಂತಿಯಾಗೊದಿಂದ: ನಮ್ಮಲ್ಲಿ ಗಾಳಿಸುದ್ದಿಗೆ ‘ಕೊಪೂಚಾ’, ಹಗುರವಾದ ಮಾತು. ‘ಕಾವೀನ್’ ಅದಕ್ಕಿಂತ ಖಾರ, ಜಗಳ ಹಚ್ಚುವ ಚಾಡಿ. ಇಲ್ಲಿನ ಮೂಲನಿವಾಸಿಗಳಾದ ಮಪುಚೆ ಜನರ ಭಾಷೆಯಿಂದ ಬಂದದ್ದು, ಮೊದಲು ಕುಡಿದು ಗದ್ದಲ ಮಾಡುವ ಕೂಟಕ್ಕೆ ಹಾಗನ್ನುತ್ತಿದ್ದರು.

ಎಚ್ಚರ ಬೇಕಾದದ್ದು ‘ಸಾಪೊ’ ವಿಷಯದಲ್ಲಿ. ಅಂದರೆ ನೆಲಗಪ್ಪೆ. ಚಿಲಿಯಲ್ಲಿ ಇಣುಕಿ ನೋಡುವವನಿಗೆ ಹೀಗನ್ನುತ್ತಾರೆ, ಅಷ್ಟೇನೂ ದೊಡ್ಡದಲ್ಲ. ಕೊಲಂಬಿಯಾದಲ್ಲಿ ಅದೇ ಮಾತು ಗುಟ್ಟು ಒಪ್ಪಿಸುವ ಮಾಹಿತಿದಾರನಿಗೂ ಸಲ್ಲುತ್ತದೆ. ದಶಕಗಟ್ಟಲೆ ನಡೆದ ಹಿಂಸೆಯಲ್ಲಿ ಆ ಹಣೆಪಟ್ಟಿ ಬಿದ್ದವರು ಜೀವ ಕಳೆದುಕೊಂಡಿದ್ದಾರೆ. ಅಲ್ಲಿನವರ ಮುಂದೆ ತಮಾಷೆಗೂ ಆಡಬೇಡಿ. ‘ಚುಸ್ಮಾ’ ಕೂಡ ಹಾಗೇ: ಅರ್ಜೆಂಟೀನಾದಲ್ಲಿ ಸುದ್ದಿಗಾರ, ಬೇರೆ ಕಡೆ ಕೀಳು ಜನ ಅಂತ ಬೈಗುಳ.

ದಕ್ಷಿಣ ಸ್ಪೇನ್‌ನ ಮಲಾಗಾದಿಂದ: ಅಜ್ಜಿ ಬಗ್ಗೆ ಒಂದು ಮಾತು. ಈ ಕಡೆ ಹಳ್ಳಿಗಳಲ್ಲಿ ಬೇಸಿಗೆ ರಾತ್ರಿ ಎಲ್ಲರೂ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಹರಟುತ್ತಾರೆ. ಕಾದಿಸ್ ಪ್ರಾಂತ್ಯದ ಆಲ್ಗಾರ್ ಎಂಬ ಪುಟ್ಟ ಊರಿನ ಮೇಯರ್ 2021ರಲ್ಲಿ ಈ ಪದ್ಧತಿಗೆ ಯುನೆಸ್ಕೊ ಮಾನ್ಯತೆ ಬೇಕು ಎಂದು ಹೊರಟರು. ಅದು ಬರೀ ಹರಟೆಯಲ್ಲ, ಒಂಟಿಯಾಗಿರುವ ಹಿರಿಯರನ್ನು ವಿಚಾರಿಸಿಕೊಳ್ಳುವ ದಾರಿಯೂ ಹೌದು. ‘ಈ ಶವಸಂಸ್ಕಾರದಲ್ಲಿ ನಿನಗೆ ಮೇಣದಬತ್ತಿ ಕೊಟ್ಟವರ‍್ಯಾರು?’ ಎಂಬ ಗಾದೆಯಂಥ ಮಾತು ನಿಮ್ಮ ಕಿವಿಗೂ ಬೀಳಬಹುದು. ನಿನಗ್ಯಾಕೆ ಈ ಉಸಾಬರಿ ಎಂದು ಖಾರವಾಗಿ ಕೇಳುವುದು ಅದು, ಅಜ್ಜಿಗೆ ಸಲ್ಲದು. ಅವರು ಮೆಟ್ಟಿಲಲ್ಲಿ ಸಿಕ್ಕಾಗ ನೀವೇ ಮೊದಲು ಒಂದು ಸುದ್ದಿ ಹೇಳಿ. ಊರಿಂದ ಅಮ್ಮ ಬರ್ತಿದ್ದಾರೆ ಅನ್ನಿ, ಸಾಕು.